ಮೂರು ಗ್ಯಾಲನ್ನಿನ ಬುಧವಾರ

ಬುಧವಾರದ ಸುತ್ತಾಟಕ್ಕೆ ಮೂರು ಗ್ಯಾಲನ್ನಿಗಿಂತ ಹೆಚ್ಚು ಪೆಟ್ರೋಲು ಬೇಕಾಗುವುದಾದರೆ ರೋಗಿಗಳನ್ನು ನೋಡಲು ಹಳ್ಳಿಯ ಶಾಲೆಯೊಂದರ ಜಗಲಿಗೆ ಹೋಗುವುದನ್ನು ನಿಲ್ಲಿಸಬೇಕಾಗುತ್ತದೆ ಎಂದು ಡಾಕ್ಟರರು ಹೇಳಿದ್ದು ಜೋಡುಮಾರ್ಗದ ಪೆಟ್ರೋಲ್ ಪಂಪಿನ ಎದುರು, ಚೌತಿ ಕಳೆದ ಮರುವಾರ. ಈಗ ಎಲ್ಲರೂ ಬಿ.ಸಿ.ರೋಡ್ ಎನ್ನುವ ಜಾಗ ಅದು. ಐವತ್ತರ ದಶಕ ಮುಗಿಯುತ್ತಿತ್ತು. ಕಾರಿನಲ್ಲಿ ಮೂವರಿದ್ದೆವು: ಡಾಕ್ಟರರು, ಅವರ ಡ್ರೈವರು, ಹಿಂದಿನ ಸೀಟಿನಲ್ಲಿ ಔಷಧಿಯ ಪೆಟ್ಟಿಗೆಗಳ ಜೊತೆ ನಾನು.

ನಾನು ಆಗ ಮಂಗಳೂರಿನ ಒಂದು ಪತ್ರಿಕೆಗೆ ಬಂಟ್ವಾಳದಿಂದ ಸುದ್ದಿ ಬರೆಯುತ್ತಿದ್ದೆ. ವಾರಕ್ಕೊಮ್ಮೆಯಾದರೂ ಬೆಳ್ತಂಗಡಿಯ ತಾಲೂಕು ಕಚೇರಿಗೂ ಮೂಡುಬಿದಿರೆಗೂ ಹೋಗಿ ಬರಬೇಕಿತ್ತು. ಬಸ್ಸಿನಲ್ಲಿ ಎರಡೂ ಕಡೆ ಒಂದೇ ದಿನ ಮುಗಿಯುತ್ತಿರಲಿಲ್ಲ. ಬಂಟ್ವಾಳ ಪೇಟೆಯಲ್ಲಿ ದವಾಖಾನೆ ಇಟ್ಟಿದ್ದ ಡಾಕ್ಟರರು ಪ್ರತಿ ಬುಧವಾರ ಅದೇ ದಾರಿಯಲ್ಲಿ ಹೋಗುತ್ತಿದ್ದುದರಿಂದ ನನಗೆ ಒಂದು ಸೀಟು ಕೊಟ್ಟಿದ್ದರು. ಬೆಳಗ್ಗೆ ಪುಂಜಾಲಕಟ್ಟೆ, ಗುರುವಾಯನಕೆರೆಯ ಮೇಲಾಗಿ ಬೆಳ್ತಂಗಡಿ. ಅಲ್ಲಿಂದ ಹಿಂದೆ ಬಂದು ವೇಣೂರಿನ ದಾರಿಯಲ್ಲಿ ಮೂಡುಬಿದಿರೆ. ಸಂಜೆ ಸಿದ್ಧಕಟ್ಟೆಯಾಗಿ ಮನೆಗೆ. ಭೂಪಟದಲ್ಲಿ ನೋಡಿದರೆ ಅದೊಂದು ತ್ರಿಕೋನ.

ವೇಣೂರಿನ ದಾರಿಯಿಂದ ಐದು ಮೈಲು ಒಳಗೆ, ಮಣ್ಣಿನ ರಸ್ತೆಯ ಕೊನೆಯಲ್ಲಿ ಒಂದು ಪ್ರಾಥಮಿಕ ಶಾಲೆ ಇತ್ತು. ಮಧ್ಯಾಹ್ನ ಅದರ ಜಗಲಿಯಲ್ಲಿ ಡಾಕ್ಟರರು ಎರಡು ಗಂಟೆ ಕೂರುತ್ತಿದ್ದರು. ಎದ್ದು ಬರಲಾಗದ ರೋಗಿಗಳನ್ನು ನೋಡಲು ಹತ್ತಿರದ ನಾಲ್ಕೈದು ಮನೆಗಳಿಗೂ ಹೋಗುತ್ತಿದ್ದರು. ಬೆಳ್ತಂಗಡಿಯಲ್ಲೂ ಮೂಡುಬಿದಿರೆಯಲ್ಲೂ ಬೇರೆ ವೈದ್ಯರಿದ್ದರು. ಈ ಶಾಲೆಯ ಸುತ್ತಮುತ್ತ ಯಾರೂ ಇರಲಿಲ್ಲ. ಅದು ಡ್ರೈವರ ಹುಟ್ಟೂರು. ಡಾಕ್ಟರರನ್ನು ಒಂದು ವರ್ಷ ಬಿಡದೆ ಕೇಳಿಕೊಂಡು ಅಲ್ಲಿಗೆ ಕರೆದುಕೊಂಡು ಹೋದವರೇ ಅವರು.

ಪಟ್ಟಣಗಳ ರೋಗಿಗಳು ಫೀಸು ಕೊಡುತ್ತಿದ್ದರು. ಜಗಲಿಯಲ್ಲಿ ಸಿಗುತ್ತಿದ್ದುದು ಹೆಚ್ಚಾಗಿ ಸೌತೆಕಾಯಿ, ಬಾಳೆಗೊನೆ. ಡಾಕ್ಟರರಿಗೆ ಅದರ ಬಗ್ಗೆ ಬೇಸರವಿರಲಿಲ್ಲ. ಆದರೆ ಇಡೀ ಸುತ್ತಾಟಕ್ಕೆ ನಾಲ್ಕು ಗ್ಯಾಲನ್, ಅಂದರೆ ಹದಿನೆಂಟು ಲೀಟರಿನಷ್ಟು, ಪೆಟ್ರೋಲು ಹೋಗತೊಡಗಿತ್ತು. ವರ್ಷದ ಹಿಂದೆ ಮೂರು ಸಾಕಾಗುತ್ತಿತ್ತು.

"ದೀಪಾವಳಿವರೆಗೆ ನೋಡುವ," ಎಂದರು ಡಾಕ್ಟರರು. "ಮೂರಕ್ಕೆ ಬಂದರೆ ಹೋಗುವ. ಇಲ್ಲದಿದ್ರೆ ಅಲ್ಲಿಯವರಿಗೆ ವೇಣೂರಿಗೇ ಬರ್ಲಿಕ್ಕೆ ಹೇಳಬೇಕಷ್ಟೆ."

"ಎದ್ದು ಕೂರ್ಲಿಕ್ಕೆ ಆಗದವರು ವೇಣೂರಿಗೆ ಹೇಗೆ ಬರುವುದು ಡಾಕ್ಟ್ರೆ?" ಎಂದರು ಡ್ರೈವರು. ಸ್ಟೇರಿಂಗ್ ತಟ್ಟಿ, "ಕಾರಿಗೆ ಪ್ರಾಯ ಆಯ್ತು. ಅದು ಕುಡೀತದೆ. ನಾನು ಇಳಿಜಾರಲ್ಲಿ ಒಂದು ಹನಿ ಸುಡುವುದಿಲ್ಲ, ನಿಮಗೇ ಗೊತ್ತುಂಟಲ್ಲ," ಎಂದರು.

ಈ ಮಾತುಗಳೆಲ್ಲ ನಡೆದದ್ದು ತುಳುವಿನಲ್ಲಿ. ನೆನಪಿಟ್ಟುಕೊಂಡದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅವರು ಇಳಿಜಾರಿನ ಬಗ್ಗೆ ಹೇಳಿದ್ದು ಸುಳ್ಳಲ್ಲ. ಡ್ರೈವರಿಗೆ ಆಗ ಐವತ್ತರ ಹತ್ತಿರ. ಸರ್ವಿಸ್ ಬಸ್ಸಿನಲ್ಲೂ ಲಾರಿಯಲ್ಲೂ ದುಡಿದು ಬಂದವರು. ತ್ರಿಕೋನದ ಒಂದೊಂದು ಇಳಿತವೂ ಅವರಿಗೆ ಬಾಯಿಪಾಠ. ಏರು ಮುಗಿದ ಕೂಡಲೇ ಗೇರನ್ನು ನ್ಯೂಟ್ರಲಿಗೆ ತಂದು ಕೀಲಿ ತಿರುಗಿಸಿ ಇಂಜಿನ್ ನಿಲ್ಲಿಸುತ್ತಿದ್ದರು. ಕಾರು ತನ್ನಷ್ಟಕ್ಕೆ ಇಳಿಯುತ್ತಿತ್ತು. ಇಂಜಿನ್ನಿನ ಸದ್ದು ಅಡಗಿದಾಗ ಗದ್ದೆಯಲ್ಲಿ ಕೆಲಸ ಮಾಡುತ್ತಿದ್ದವರ ಮಾತು ಕಿವಿಗೆ ಬೀಳುತ್ತಿತ್ತು. ತಗ್ಗಿಗೆ ಬಂದ ಮೇಲೆ ಕೀಲಿ ತಿರುಗಿಸಿ, ಗೇರು ಹಾಕಿ ಕ್ಲಚ್ಚು ಬಿಟ್ಟರೆ ಕಾರು ಒಮ್ಮೆ ಮುಗ್ಗರಿಸಿ ಇಂಜಿನ್ ಮತ್ತೆ ಚಾಲೂ ಆಗುತ್ತಿತ್ತು. ಔಷಧಿಯ ಪೆಟ್ಟಿಗೆ ಜಾರಿ ನನ್ನ ಮೊಣಕಾಲಿಗೆ ತಾಗುತ್ತಿತ್ತು. ಈ ವಿದ್ಯೆಯ ಬಗ್ಗೆ ಅವರಿಗೆ ಅಭಿಮಾನವಿತ್ತು. ಬೇರೆ ಡ್ರೈವರುಗಳೂ ಹೀಗೆ ಮಾಡುತ್ತಿದ್ದರು. ಆದರೆ ಇವರಷ್ಟು ಇಳಿತಗಳಲ್ಲಿ ಇಂಜಿನ್ ನಿಲ್ಲಿಸುವವರನ್ನು ನಾನು ಕಂಡಿರಲಿಲ್ಲ.

ಮುಂದಿನ ಬುಧವಾರ ಅವರು ಇನ್ನಷ್ಟು ಹಟ ತೊಟ್ಟರು. ಸಣ್ಣಪುಟ್ಟ ಇಳಿತಗಳಲ್ಲೂ ಇಂಜಿನ್ ನಿಂತಿತು. ಸಂಜೆ ಜೋಡುಮಾರ್ಗದಲ್ಲಿ ಟ್ಯಾಂಕನ್ನು ಕತ್ತಿನವರೆಗೆ ತುಂಬಿಸಿದೆವು. ಬೆಳಗ್ಗೆಯೂ ಕತ್ತಿನವರೆಗೆ ತುಂಬಿಸಿಯೇ ಹೊರಟಿದ್ದರಿಂದ ಎಷ್ಟು ಹಿಡಿಸಿತೋ ಅಷ್ಟು ಖರ್ಚಾಗಿದೆ ಎಂದು ಲೆಕ್ಕ. ಕೈಪಂಪಿನ ಮೇಲಿನ ಒಂದು ಗ್ಯಾಲನ್ ಅಳತೆಯ ಗಾಜಿನ ಜಾಡಿಯಲ್ಲಿ ಪೆಟ್ರೋಲು ಏರಿ ಇಳಿಯುವುದನ್ನು ಮೂವರೂ ನೋಡುತ್ತ ನಿಂತೆವು. ನಾಲ್ಕಕ್ಕೆ ಒಂದು ತೊಟ್ಟೂ ಕಡಿಮೆಯಾಗಿರಲಿಲ್ಲ.

ಕಾರಣದ ಮೊದಲ ಸುಳಿವು ಸಿಕ್ಕಿದ್ದು ಅದರ ಮರುವಾರ, ಮೂಡುಬಿದಿರೆಯಲ್ಲಿ. ಡಾಕ್ಟರರು ರೋಗಿಗಳನ್ನು ನೋಡುತ್ತಿದ್ದರು. ನಾನೂ ಡ್ರೈವರೂ ಚಹಾ ಕುಡಿದು ಕಾರಿನ ಬಳಿ ನಿಂತಿದ್ದೆವು. ಎದುರಿಗೆ ಒಂದು ವರ್ಕ್‌ಶಾಪು ಇತ್ತು. ಅದರ ಮೆಕ್ಯಾನಿಕ್ ಕೊಂಕಣಿ ಮಾತಾಡುವ ಕ್ರಿಶ್ಚಿಯನ್, ಡ್ರೈವರ ಹಳೆಯ ಪರಿಚಯ. ಅವರು ಬೀಡಿ ಹಚ್ಚಿಕೊಂಡು ನಮ್ಮ ಕಡೆ ಬಂದವರು ಕಾರಿನ ಹಿಂದಿನ ಚಕ್ರದ ಹತ್ತಿರ ನಿಂತು ಸುಟ್ಟ ವಾಸನೆಗೆ ಮೂಗೆಳೆದುಕೊಂಡರು. ಬಗ್ಗಿ ಚಕ್ರದ ನಡುವಿನ ಕಬ್ಬಿಣಕ್ಕೆ ಬೆರಳು ಮುಟ್ಟಿಸಿ ಫಕ್ಕನೆ ಹಿಂದೆಗೆದರು.

"ಡ್ರೈವರ್ರೆ, ಮನೆಯಲ್ಲಿ ಕಾವಲಿ ಉಂಟಾ?"

"ಉಂಟು. ಯಾಕೆ?"

"ಅದನ್ನು ಮಾರಿಬಿಡಿ. ನೀರುದೋಸೆ ಇದರ ಮೇಲೇ ಹೊಯ್ಯಬಹುದು."

ಡ್ರೈವರು ನಗಲಿಲ್ಲ. "ಘಾಟಿಯಷ್ಟು ಏರು ಇಳಿದು ಬಂದಿದ್ದೇನೆ. ಬಿಸಿ ಆಗದೆ ತಂಪಾಗ್ತದಾ?"

"ಇಳಿದು ಬಂದು ಎಷ್ಟು ಹೊತ್ತಾಯ್ತು? ಚಹಾ ಕುಡಿದು ಆಯ್ತಲ್ಲ ನಿಮ್ಮದು? ನ್ಯೂಟ್ರಲಿಗೆ ಹಾಕಿ ನೋಡುವ. ಪೇಪರಿನವರೇ, ನೀವೊಮ್ಮೆ ದೂಡಿ."

ಜಾಗ ಸಮತಟ್ಟಾಗಿತ್ತು. ಗೇರು ಬಿಡಿಸಿದ ಸಣ್ಣ ಕಾರನ್ನು ಒಬ್ಬ ಮನುಷ್ಯ ದೂಡಿದರೆ ಅಲುಗಬೇಕು. ನಾನು ಹೆಗಲು ಕೊಟ್ಟು ದೂಡಿದೆ. ಕಾರು ಮಿಸುಕಲಿಲ್ಲ. ಮೆಕ್ಯಾನಿಕ್ ಕೈ ಹಚ್ಚಿದ ಮೇಲೆ ನಾಲ್ಕು ಅಡಿ ಹೋಗಿ ಅಲ್ಲೇ ನಿಂತಿತು.

"ಬ್ರೇಕು ಹಿಡಿದುಕೊಂಡೇ ಉಂಟು," ಎಂದರು ಮೆಕ್ಯಾನಿಕ್. "ಕಾಲು ತೆಗೆದರೂ ಬಿಡುವುದಿಲ್ಲ. ಇದನ್ನು ಇಷ್ಟು ಬಿಗಿ ಮಾಡಿದ ಪುಣ್ಯಾತ್ಮ ಯಾರು?"

ಮಾಡಿದವರು ತಾವೇ ಎಂದು ಡ್ರೈವರು ಒಪ್ಪಿಕೊಂಡರು. ಇಂಜಿನ್ ನಿಲ್ಲಿಸಿ ಇಳಿಯುವಾಗ ಕಾರನ್ನು ಹಿಡಿದು ನಿಲ್ಲಿಸಲು ಬ್ರೇಕು ಬಿಟ್ಟರೆ ಬೇರೇನೂ ಇರುವುದಿಲ್ಲ. ಅದಕ್ಕಾಗಿ ಅವರು ತಿಂಗಳಿಗೊಮ್ಮೆ ತಾವೇ ಸ್ಪ್ಯಾನರು ಹಿಡಿದು ಬ್ರೇಕನ್ನು ಇನ್ನಷ್ಟು ಬಿಗಿ ಮಾಡುತ್ತಿದ್ದರು. ಇಳಿಜಾರಿನಲ್ಲಿ ಸುರಕ್ಷಿತವಾಗಿರಲಿ ಎಂದು ಮಾಡಿದ ಈ ಕೆಲಸದಿಂದ ಕಾರು ಉಳಿದ ಅಷ್ಟೂ ದಾರಿಯನ್ನು ಬ್ರೇಕು ಒತ್ತಿಕೊಂಡೇ ಸಾಗುತ್ತಿತ್ತು.

"ಅಂದ್ರೆ ಇಳಿಯುವಾಗ ಚಮಚದಲ್ಲಿ ಉಳಿಸ್ತೀರಿ, ಹತ್ತುವಾಗ ಚೊಂಬಿನಲ್ಲಿ ಚೆಲ್ತೀರಿ," ಎಂದು ಮೆಕ್ಯಾನಿಕ್ ನಕ್ಕರು. "ಬ್ಯಾಟರಿ ಹೇಗುಂಟು?"

"ಅದೂ ಸತ್ತ ಹಾಗೆ."

"ಸಾಯದೆ? ಇಂಜಿನ್ ನಿಂತರೆ ಡೈನಮೊ ತಿರುಗುವುದಿಲ್ಲ. ಡೈನಮೊ ತಿರುಗದೆ ಬ್ಯಾಟರಿಗೆ ಅನ್ನ ಎಲ್ಲಿಂದ? ಅರ್ಧ ದಾರಿ ಉಪವಾಸ ಹಾಕಿ ಸಂಜೆ ಲೈಟು ಉರಿಸ್ತೀರಿ. ಬನ್ನಿ, ಜಾಕ್ ಕೊಡ್ತೇನೆ, ಸಡಿಲ ಮಾಡುವ."

"ಬೇಡ. ಇಪ್ಪತ್ತು ವರ್ಷದಿಂದ ಸ್ಟೇರಿಂಗ್ ಹಿಡಿದಿದ್ದೇನೆ ಮಾರಾಯ್ರೆ. ನನಗೆ ಕಲಿಸ್ಲಿಕ್ಕೆ ಬರಬೇಡಿ," ಎಂದು ಡ್ರೈವರು ಕಾರಿನೊಳಗೆ ಕೂತು ಬಾಗಿಲು ಹಾಕಿಕೊಂಡರು. ಮನೆಯ ದಾರಿಯಲ್ಲೂ ಇಳಿಜಾರು ಬಂದಾಗಲೆಲ್ಲ ಇಂಜಿನ್ ನಿಂತಿತು. ಡಾಕ್ಟರರಿಗೆ ಏನೂ ಗೊತ್ತಿರಲಿಲ್ಲ. ಹೇಳುವ ಹಕ್ಕು ಡ್ರೈವರದ್ದು ಎಂದುಕೊಂಡು ನಾನೂ ಸುಮ್ಮನಿದ್ದೆ.

ಅವರ ಮನಸ್ಸು ತಿರುಗಿದ್ದು ಮುಂದಿನ ವಾರ ಶಾಲೆಯ ಜಗಲಿಯಲ್ಲಿ. ಡ್ರೈವರ ಅಕ್ಕ ಅದೇ ಊರಿನಲ್ಲಿದ್ದರು. ಅವರಿಗೆ ದಮ್ಮಿನ ಕಾಯಿಲೆ. ಪ್ರತಿ ಬುಧವಾರ ಎಲ್ಲರಿಗಿಂತ ಮೊದಲು ಬಂದು ಜಗಲಿಯ ಕಂಬಕ್ಕೆ ಒರಗಿ ಕೂರುತ್ತಿದ್ದರು. ಶಾಲೆಯ ಮುಂದಿನ ಸಣ್ಣ ಏರನ್ನು ಕಾರು ಏದುತ್ತ ಹತ್ತಿ ಬಂದುದನ್ನು ಅವರು ನೋಡುತ್ತಿದ್ದರು.

"ನಿನ್ನ ಕಾರಿಗೂ ನನ್ನದೇ ಕಾಯಿಲೆಯಾ ತಮ್ಮ?" ಎಂದರು. "ಅದಕ್ಕೂ ಡಾಕ್ಟ್ರ ಹತ್ರ ಒಂದು ಇಂಜೆಕ್ಷನ್ ಕೊಡಿಸು."

ಜಗಲಿಯಲ್ಲಿದ್ದವರೆಲ್ಲ ನಕ್ಕರು. ಅಕ್ಕ ನಗಲಿಲ್ಲ. ದನಿ ತಗ್ಗಿಸಿ ಕೇಳಿದರು: "ದೀಪಾವಳಿ ಕಳೆದ ಮೇಲೆ ಡಾಕ್ಟ್ರು ಬರುವುದಿಲ್ಲವಂತೆ. ಹೌದಾ?"

"ಯಾರು ಹೇಳಿದ್ದು?"

"ಯಾರೋ ಹೇಳಿದ್ರು. ನೀನು ಹೌದಾ ಅಲ್ಲವಾ ಹೇಳು."

ಡ್ರೈವರು ಕಾರಿನ ಹತ್ತಿರ ಹೋಗಿ ಚಕ್ರದ ಎದುರು ಕುಕ್ಕರುಗಾಲಿನಲ್ಲಿ ಕೂತರು. ಕೈ ಮುಟ್ಟಿಸಿದರು. ಆ ಸಂಜೆ ಮೂಡುಬಿದಿರೆಗೆ ತಲುಪಿದಾಗ ಕಾರು ಡಾಕ್ಟರರನ್ನು ಇಳಿಸಿ ನೇರವಾಗಿ ವರ್ಕ್‌ಶಾಪಿನೊಳಗೆ ಹೋಯಿತು. ಮೆಕ್ಯಾನಿಕ್ ದೋಸೆಯ ಮಾತು ಎತ್ತಲಿಲ್ಲ. ಒಂದೊಂದೇ ಚಕ್ರವನ್ನು ಜಾಕಿನ ಮೇಲೆ ಎತ್ತಿ, ಕೈಯಿಂದ ತಿರುಗಿಸಿ, ಬ್ರೇಕು ಸಡಿಲಿಸಿ, ಮತ್ತೆ ತಿರುಗಿಸಿದರು. ಅರ್ಧ ಸುತ್ತಿನಲ್ಲೇ ನಿಲ್ಲುತ್ತಿದ್ದ ಚಕ್ರ ನಾಲ್ಕೈದು ಸುತ್ತು ತಿರುಗತೊಡಗಿತು. ಪ್ಲಗ್ಗುಗಳನ್ನು ಬಿಚ್ಚಿ ಮಸಿ ಉಜ್ಜಿದರು. ಡಾಕ್ಟರರಿಗೆ ಮಣ್ಣಿನ ರಸ್ತೆಯಲ್ಲಿ ಕುಲುಕಾಟ ಆಗಬಾರದೆಂದು ಡ್ರೈವರು ಟೈರುಗಳಲ್ಲಿ ಗಾಳಿ ಕಡಿಮೆ ಇಟ್ಟಿದ್ದರು. ಅದನ್ನೂ ಪಂಪು ಹೊಡೆದು ಗಟ್ಟಿ ಮಾಡಿದ್ದಾಯಿತು. ಕೂಲಿ ಕೊಡಹೋದಾಗ ಮೆಕ್ಯಾನಿಕ್, "ನನ್ನ ಅತ್ತೆ ಮನೆ ವೇಣೂರಿನ ಹತ್ತಿರ. ಅವರಿಗೂ ಇದೇ ಡಾಕ್ಟ್ರು," ಎಂದು ಕೈ ಒರೆಸಿಕೊಂಡು ಒಳಗೆ ಹೋದರು.

ಅದರ ಮರುವಾರ ಪುಂಜಾಲಕಟ್ಟೆಯ ಆಚೆಯ ಉದ್ದನೆಯ ಇಳಿತದಲ್ಲಿ ಡ್ರೈವರ ಕೈ ಅಭ್ಯಾಸಬಲದಿಂದ ಕೀಲಿಯ ಕಡೆಗೆ ಹೋಯಿತು. ಅಲ್ಲಿಂದ ಮರಳಿ ಸ್ಟೇರಿಂಗಿಗೆ ಬಂತು. ಗೇರಿನಲ್ಲೇ, ಆಕ್ಸಿಲರೇಟರಿನಿಂದ ಕಾಲು ತೆಗೆದು ಇಳಿಸಿದರು. ಕಾರನ್ನು ಇಂಜಿನ್ನೇ ತಡೆದು ಹಿಡಿಯುತ್ತಿತ್ತು, ಬ್ರೇಕಿಗೆ ಕೆಲಸ ಕಡಿಮೆ. ಏರು ಬರುವ ಮೊದಲೇ ಮೆಲ್ಲಗೆ ವೇಗ ಕೂಡಿಸಿ, ಗಾಡಿ ಸೋಲುವ ಮುಂಚೆ ಗೇರು ಬದಲಿಸಿದರು. ಎದುರು ಎತ್ತಿನ ಗಾಡಿ ಕಂಡರೆ ದೂರದಿಂದಲೇ ಕಾಲು ಸಡಿಲ ಬಿಟ್ಟರು. ಈ ವಯಸ್ಸಿನಲ್ಲಿ ಅವರು ಕಾರು ಓಡಿಸುವುದನ್ನು ಹೊಸದಾಗಿ ಕಲಿಯುತ್ತಿದ್ದರು. ಡಾಕ್ಟರರು ಕಿಟಕಿಯಿಂದ ಮುಖ ತಿರುಗಿಸಿ, "ಇವತ್ತು ಪೆಟ್ಟಿಗೆ ಹಾರಲಿಲ್ಲ ಯಾಕೆ?" ಎಂದು ಕೇಳಿದರು. ಆಗ ಡ್ರೈವರು ಎಲ್ಲವನ್ನೂ ಹೇಳಿದರು, ತಾವೇ ಬ್ರೇಕು ಬಿಗಿ ಮಾಡಿದ್ದನ್ನೂ ಸೇರಿಸಿ.

ಸಂಜೆ ಟ್ಯಾಂಕಿಗೆ ಹಿಡಿಸಿದ್ದು ಮೂರೂವರೆ ಗ್ಯಾಲನ್. ಮರುವಾರವೂ ಅಷ್ಟೇ. ಅದಕ್ಕಿಂತ ಕೆಳಗೆ ಇಳಿಯಲಿಲ್ಲ. ದೀಪಾವಳಿಗೆ ಎರಡು ಬುಧವಾರ ಉಳಿದಿತ್ತು.

"ಅರ್ಧ ದಾರಿ ಬಂದಿದ್ದೇವೆ," ಎಂದರು ಡಾಕ್ಟರರು. "ಇನ್ನರ್ಧ ಎಲ್ಲಿ ಹೋಗ್ತಾ ಉಂಟು?"

ನನ್ನ ಪತ್ರಿಕೆಯ ಸುದ್ದಿ ಸಂಪಾದಕರು ಗಂಟೆ ನಮೂದಿಸದ ವರದಿಯನ್ನು ವಾಪಸು ಕಳುಹಿಸುತ್ತಿದ್ದರು. ಆ ಭಯದಿಂದ ಎಲ್ಲಿಗೆ ಎಷ್ಟು ಗಂಟೆಗೆ ತಲುಪಿದೆ, ಎಷ್ಟಕ್ಕೆ ಹೊರಟೆ ಎಂದು ಟಿಪ್ಪಣಿ ಪುಸ್ತಕದಲ್ಲಿ ಬರೆದಿಡುವ ಅಭ್ಯಾಸ ನನಗೆ ಅಂಟಿತ್ತು. ಆ ವಾರ ಮನೆಗೆ ಬಂದು ಹಿಂದಿನ ಪುಟಗಳನ್ನು ನೋಡಿದೆ. ಶಾಲೆಯ ಸುತ್ತಲಿನ ಮನೆಗಳಲ್ಲಿ ಕಾರು ನಿಂತಿದ್ದ ಸಮಯವನ್ನೆಲ್ಲ ಕೂಡಿಸಿದರೆ ಒಂದೂವರೆ ಗಂಟೆ ಆಗುತ್ತಿತ್ತು. ಅಷ್ಟು ಹೊತ್ತೂ ಇಂಜಿನ್ ಓಡುತ್ತಲೇ ಇತ್ತು.

ಅದು ಮರೆವಿನಿಂದ ಆಗುತ್ತಿದ್ದುದಲ್ಲ. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು ಕೊಡುತ್ತಾರೆ. ಅದನ್ನು ಬೇಡ ಎನ್ನುವಂತಿಲ್ಲ. ಬೆಲ್ಲ ಬಾಯಿಗೆ ಹಾಕಿಕೊಂಡ ಮೇಲೆ ಕೂರಬೇಕು, ಕೂತರೆ ಮಾತು, ಮಾತಿನ ನಡುವೆ ಕಾಫಿ. ಅಂಗಳದಲ್ಲಿ ಇಂಜಿನ್ ನಿಂತರೆ ಅದಕ್ಕೆ ಅರ್ಥ ಒಂದೇ: ನೆಂಟರು ಊಟಕ್ಕೆ ನಿಂತರು. ಒಳಗೆ ಅಕ್ಕಿ ತೊಳೆಯುತ್ತಾರೆ. ಅದರಿಂದ ತಪ್ಪಿಸಿಕೊಳ್ಳಲು ಡಾಕ್ಟರರು ಡ್ರೈವರಿಗೆ, "ಇಂಜಿನ್ ಇರಲಿ," ಎಂದು ಹೇಳಿ ಇಳಿಯುತ್ತಿದ್ದರು. ಅವಸರ ಉಂಟು ಎಂದು ಬಾಯಿಬಿಟ್ಟು ಹೇಳದೆ ತಿಳಿಸುವ ದಾರಿ ಅದು. ಮನೆಯವರಿಗೂ ಅದು ತಿಳಿಯುತ್ತಿತ್ತು. ಊಟ ತಪ್ಪುತ್ತಿತ್ತು. ಕಾಫಿ ತಪ್ಪುತ್ತಿರಲಿಲ್ಲ. ಬ್ಯಾಟರಿ ಸತ್ತಿದ್ದರಿಂದ ಡ್ರೈವರಿಗೂ ಇದೇ ಒಳ್ಳೆಯದಾಗಿತ್ತು. ಇಂಜಿನ್ ನಿಲ್ಲಿಸಿದರೆ ಅದನ್ನು ಮತ್ತೆ ಚಾಲೂ ಮಾಡಲು ಎಲ್ಲರ ಎದುರು ಕಾರಿನ ಮೂತಿಗೆ ಹ್ಯಾಂಡಲ್ ಸಿಕ್ಕಿಸಿ ತಿರುಗಿಸಬೇಕಿತ್ತು.

ಇದನ್ನು ಹೇಳಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ತಪ್ಪು ಡಾಕ್ಟರರದ್ದು, ನಾನು ಅವರ ಕಾರಿನಲ್ಲಿ ಪುಕ್ಕಟೆ ಕೂರುವವನು. ಬುಧವಾರ ಬೆಳಗ್ಗೆ ಹೊರಡುವ ಮೊದಲು ಪುಸ್ತಕವನ್ನೇ ಅವರ ಕೈಗೆ ಕೊಟ್ಟೆ. ಅವರು ಪುಟ ತಿರುವಿದರು. ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ನೋಡಿದರು.

"ಬ್ರೇಕು ಡ್ರೈವರ್ರ ತಲೆ ಮೇಲೆ ಬಂತು. ಇದು ನನ್ನ ತಲೆ ಮೇಲೆ," ಎಂದರು. ನಂತರ ನನ್ನ ಕಡೆ ತಿರುಗಿ, "ಇದನ್ನು ಪೇಪರಿಗೆ ಹಾಕ್ಲಿಕ್ಕಿಲ್ಲ ತಾನೆ?"

"ಹಾಕುವುದಿಲ್ಲ."

"ಹಾಗಾದ್ರೆ ಇಂದಿನಿಂದ ಇಂಜಿನ್ ಬಂದ್. ಬ್ಯಾಟರಿ ಹೇಗುಂಟು ಮಾರಾಯ್ರೆ?"

"ಈಗ ಕೀಲಿ ಮುಟ್ಟಿದರೆ ಸಾಕು ಡಾಕ್ಟ್ರೆ," ಎಂದರು ಡ್ರೈವರು. ಇಳಿಜಾರಿನಲ್ಲೂ ಡೈನಮೊ ತಿರುಗತೊಡಗಿ ಎರಡು ವಾರವಾಗಿತ್ತು.

ಆದರೆ ಮೊದಲ ಮನೆಯಲ್ಲೇ ಕೆಟ್ಟಿತು. ಊರಿನ ಹಳೆಯ ಜಮೀನ್ದಾರಿ ಮನೆತನದ ಗುತ್ತಿನ ಮನೆಯಲ್ಲಿ ವಯಸ್ಸಾದ ಯಜಮಾನರ ಕಾಲಿನ ಗಾಯಕ್ಕೆ ಪಟ್ಟಿ ಬದಲಿಸಬೇಕಿತ್ತು. ಕಾರು ಅಂಗಳಕ್ಕೆ ಬಂದು ಇಂಜಿನ್ ನಿಂತದ್ದೇ ತಡ, ಯಜಮಾನರ ಹೆಂಡತಿ ಹೊರಗೆ ಬಂದು ನೋಡಿ, ಮುಖ ಅರಳಿಸಿಕೊಂಡು ಒಳಗೆ ಓಡಿದರು. ಪಟ್ಟಿ ಕಟ್ಟಿ ಮುಗಿಯುವಾಗ ಒಲೆಯ ಮೇಲೆ ಕುಚ್ಚಲಕ್ಕಿ ಬೇಯುತ್ತಿತ್ತು, ಕೋಳಿಯನ್ನೂ ಕೊಯ್ದು ಆಗಿತ್ತು.

"ಅಮ್ಮ, ಇವತ್ತು ಊಟಕ್ಕೆ ಪುರುಸೊತ್ತಿಲ್ಲ," ಎಂದರು ಡಾಕ್ಟರರು.

"ಪುರುಸೊತ್ತಿಲ್ಲದವರು ಇಂಜಿನ್ ನಿಲ್ಲಿಸ್ತಾರಾ ಡಾಕ್ಟ್ರೆ? ನನಗೇನು ಗೊತ್ತಾಗುವುದಿಲ್ಲವಾ?"

ಕೂತು ಉಂಡೆವು. ಊಟ ಬಹಳ ಚೆನ್ನಾಗಿತ್ತು ಎಂದೂ ದಾಖಲಿಸಬೇಕು. ಜಗಲಿಯಲ್ಲಿ ಕಾದವರು ಒಂದೂಕಾಲು ಗಂಟೆ ಹೆಚ್ಚು ಕಾದರು. ಉಳಿದ ಮನೆಗಳ ಮುಂದೆ ಡಾಕ್ಟರರು ಹೆದರಿ ಇಂಜಿನ್ ಓಡುವಂತೆಯೇ ಇರಿಸಿದರು. ಸಂಜೆ ಟ್ಯಾಂಕು ಮೂರೂಕಾಲು ಹಿಡಿಯಿತು. ಉಳಿದದ್ದು ಒಂದೇ ಬುಧವಾರ.

ಈ ಸಮಸ್ಯೆಯನ್ನು ಬಿಡಿಸಿದವರು ಡ್ರೈವರು. ಭಾನುವಾರ ತಾವಾಗಿ ಬಸ್ಸು ಹಿಡಿದು, ಕೊನೆಯ ಐದು ಮೈಲು ನಡೆದು ಊರಿಗೆ ಹೋದರು. ಅಕ್ಕನಿಗೆ ವಿಷಯವೆಲ್ಲ ತಿಳಿಸಿದರು. ಡಾಕ್ಟರರ ಬಾಯಿಂದ ಬರಲಾಗದ ಮಾತು ಮನೆಮಗನ ಬಾಯಿಂದ ಬರಬಹುದಿತ್ತು. ಅಕ್ಕ ದಮ್ಮು ಕಟ್ಟಿಕೊಂಡೇ ತಮ್ಮನ ಜೊತೆ ಆ ನಾಲ್ಕೈದು ಮನೆಗಳ ಮೆಟ್ಟಿಲು ಹತ್ತಿದರು. ಅಲ್ಲೆಲ್ಲ ಏನು ಹೇಳಿದರು ಎಂಬುದನ್ನು ನಾನು ಕೇಳಿಲ್ಲ. ಬುಧವಾರ ಕಂಡದ್ದನ್ನಷ್ಟೇ ಬರೆಯಬಲ್ಲೆ.

ಗುತ್ತಿನ ಮನೆಯ ಅಂಗಳದಲ್ಲಿ ಇಂಜಿನ್ ನಿಂತಿತು. ಯಜಮಾನರ ಹೆಂಡತಿ ಬೆಲ್ಲದ ತಟ್ಟೆ, ನೀರಿನ ಚೊಂಬು ಹಿಡಿದು ಮೆಟ್ಟಿಲಿನ ಮೇಲೆ ನಿಂತಿದ್ದರು. ಡ್ರೈವರು ಕಾರಿನ ಬಾಗಿಲು ತೆರೆದವರೇ, "ಅಮ್ಮ, ಇಂಜಿನ್ ನಿಲ್ಲಿಸಿದ್ದು ಪೆಟ್ರೋಲಿಗೆ. ಊಟಕ್ಕಲ್ಲ," ಎಂದು ಕೂಗಿದರು.

"ಗೊತ್ತುಂಟು ಮಾರಾಯ, ಮನೆಮನೆಗೆ ಬಂದು ಡಂಗುರ ಸಾರಿದ್ದೀಯಲ್ಲ," ಎಂದು ಅವರು ತಟ್ಟೆ ಮುಂದೆ ಹಿಡಿದರು. "ಡಾಕ್ಟ್ರೆ, ನಿಂತುಕೊಂಡೇ ತಕ್ಕೊಳ್ಳಿ. ಕೂತರೆ ನಿಮ್ಮ ಡ್ರೈವರು ನನ್ನನ್ನು ಬೈತಾನೆ."

ಡಾಕ್ಟರರು ನಿಂತೇ ಬೆಲ್ಲ ತಿಂದು ನೀರು ಕುಡಿದರು, ಪಟ್ಟಿ ಬದಲಿಸಿದರು, ಹೊರಟರು. ಉಳಿದ ಮನೆಗಳಲ್ಲೂ ಹಾಗೆಯೇ ಆಯಿತು. ಒಂದು ಮನೆಯಲ್ಲಿ ಕಾಫಿಯ ಬದಲು ಜಗಲಿಯಲ್ಲಿ ಕುಡಿಯಲೆಂದು ಎಳನೀರು ತಂದು ಡಿಕ್ಕಿಯಲ್ಲಿ ಇಡಹೊರಟಾಗ ಡ್ರೈವರು ಅಡ್ಡ ನಿಂತು, ಎರಡು ಸಾಕು, ಭಾರ ಹೊತ್ತರೆ ಕಾರು ಹೆಚ್ಚು ಕುಡೀತದೆ ಎಂದು ಉಳಿದದ್ದನ್ನು ಇಳಿಸಿದರು. ಅಂದು ಡಾಕ್ಟರರು ಜಗಲಿಯಲ್ಲಿ ಎಂದಿಗಿಂತ ಒಂದು ಗಂಟೆ ಹೆಚ್ಚು ಕೂತರು. ಪಕ್ಕದ ಗ್ರಾಮದಿಂದ ಮಂಚದ ಮೇಲೆ ಹೊತ್ತು ತಂದಿದ್ದ ಒಬ್ಬ ಬಾಣಂತಿಯನ್ನು ನೋಡಲೂ ಸಮಯ ಸಿಕ್ಕಿತು. ಅಕ್ಕ ಅಂದು ಸಾಲಿನ ಕೊನೆಗೆ ಕೂತಿದ್ದರು. ಮೊದಲು ತೋರಿಸಿಕೊಂಡು ಹೋಗಿ ಎಂದು ಯಾರೋ ಹೇಳಿದಾಗ, "ನನಗೇನು ಅವಸರ?" ಎಂದರು.

ಜೋಡುಮಾರ್ಗಕ್ಕೆ ತಲುಪಿದಾಗ ಇನ್ನೂ ಬೆಳಕಿತ್ತು. ಪಂಪಿನವರಿಗೆ ನಮ್ಮ ಕಥೆ ಅಷ್ಟು ಹೊತ್ತಿಗೆ ಬಾಯಿಗೆ ಬಂದಿತ್ತು. ಅವರು ಹಿಡಿಕೆ ಮೆಲ್ಲಗೆ ಆಡಿಸಿದರು. ಒಂದು ಗ್ಯಾಲನ್, ಎರಡು. ಮೂರನೆಯದು ಜಾಡಿಯಿಂದ ಇಳಿಯುತ್ತಿದ್ದಾಗ ಟ್ಯಾಂಕಿನ ಕತ್ತಿನಲ್ಲಿ ಪೆಟ್ರೋಲು ಮೇಲೆ ಬಂತು. ಡ್ರೈವರು ಕೈ ಎತ್ತಿದರು. ಪಂಪಿನವರು ನಿಲ್ಲಿಸಿದರು. ಜಾಡಿಯ ತಳದಲ್ಲಿ ಎರಡು ಬೆರಳಿನಷ್ಟು ಉಳಿದಿತ್ತು.

"ಕತ್ತಿನವರೆಗೆ ಬಂದಿದೆಯಾ ಸರಿಯಾಗಿ ನೋಡಿ," ಎಂದರು ಡಾಕ್ಟರರು.

ಡ್ರೈವರು ಬಗ್ಗಿ ನೋಡಿದರು. ನನ್ನನ್ನೂ ಕರೆದು ತೋರಿಸಿದರು. ಬಂದಿತ್ತು.

ಡಾಕ್ಟರರು ದುಡ್ಡು ಕೊಟ್ಟು ಕಾರಿನಲ್ಲಿ ಕೂತರು. ಡ್ರೈವರು ಟ್ಯಾಂಕಿನ ಮುಚ್ಚಳವನ್ನು ಎರಡು ಸಲ ತಿರುಗಿಸಿ ನೋಡಿ, ಸ್ಟೇರಿಂಗಿನ ಹಿಂದೆ ಬಂದು ಕೂತು, ಕೀಲಿ ಮುಟ್ಟದೆ ಕಾಯುತ್ತಿದ್ದರು.

"ಆ ಶಾಲೆಯ ಹೆಡ್‌ಮಾಸ್ಟ್ರು ನಿಮ್ಮ ಪರಿಚಯದವರಲ್ವಾ?" ಎಂದು ಡ್ರೈವರನ್ನು ಕೇಳಿದರು ಡಾಕ್ಟರರು.

"ಹೌದು."

"ಬೀಗ ಇರುವ ಒಂದು ಕಪಾಟು ಕೊಡ್ತಾರಾ ಕೇಳಿ. ಪ್ರತಿವಾರ ಈ ಪೆಟ್ಟಿಗೆಗಳನ್ನೆಲ್ಲ ಹೊತ್ತುಕೊಂಡು ಹೋಗುವುದು ಯಾಕೆ? ಔಷಧಿ ಅಲ್ಲೇ ಇರಲಿ."

"ಕೇಳ್ತೇನೆ ಡಾಕ್ಟ್ರೆ," ಎಂದು ಡ್ರೈವರು ಕಾರು ಹೊರಡಿಸಿದರು.